ಸಾಕೆಂದ ಮೇಲೂ ಒಂದು ಸೌಟು

ಭಾಂಡುಪ್, ಮುಂಬಯಿ
೧೨ ಜನವರಿ ೨೦೨೫, ಭಾನುವಾರ ಮಧ್ಯಾಹ್ನ

ಪ್ರೀತಿಯ ಮಗಳು ಶ್ರಾವ್ಯಾ,

ಹೇಗಿದ್ದೀ ಮಗಾ? ಪಟಿಯಾಲದ ಚಳಿಯನ್ನು ಟಿವಿಯಲ್ಲಿ ನೋಡಿಯೇ ನನಗಿಲ್ಲಿ ಮೈ ನಡುಗುತ್ತದೆ. ಸ್ವೆಟರ್ ಹಾಕುತ್ತೀಯೋ, ಇಲ್ಲ ರಟ್ಟೆ ಕಾಣಿಸಬೇಕೆಂದು ತೋಳಿಲ್ಲದ ಬನಿಯನ್ನಿನಲ್ಲೇ ತಿರುಗುತ್ತೀಯೋ? ಹೋದ ವಾರದ ಕೆಮ್ಮು ಹೋಯಿತೇ? ಹೊಟ್ಟೆಗೆ ಸರಿಯಾಗಿ ತಿನ್ನು. ಫೋನು ಇರುವಾಗ ಅಮ್ಮ ಯಾಕೆ ಕಾಗದ ಬರೆದಳು ಎಂದು ನಗಬೇಡ. ನಾನು ಫೋನ್ ಮಾಡಿದರೆ ನೀನು "ಕ್ಲಾಸ್ ಇದೆ ಅಮ್ಮ, ಆಮೇಲೆ" ಅನ್ನುತ್ತೀ. ಕ್ಲಾಸ್ ಇಲ್ಲದ ದಿನ ನಿನ್ನ ಪಪ್ಪ ಹೋಟೆಲಿನ ಗಲ್ಲಾದಲ್ಲಿ ಕೂತು ಪೇಪರ್ ಓದುವ ಹಾಗೆ ಮಾಡಿ ಎರಡೂ ಕಿವಿ ನನ್ನ ಕಡೆಗೇ ಇಟ್ಟಿರುತ್ತಾರೆ. ಅವರ ಮೇಲಿನ ದೂರನ್ನು ಅವರೆದುರೇ ಹೇಗೆ ಹೇಳಲಿ? ನಿನ್ನ ಗೆಳತಿ ನಿಶಾ ಕಾಂಪಿಟಿಷನ್ ಎಂದು ನಾಳೆ ಅಲ್ಲಿಗೇ ಹೊರಟಿದ್ದಾಳೆ. ಅವಳ ಕೈಯಲ್ಲಿ ಹಲಸಿನ ಹಪ್ಪಳ, ಮಿಡಿ ಉಪ್ಪಿನಕಾಯಿ, ಒಣ ಸಿಗಡಿ ಚಟ್ನಿ ಕಳಿಸುತ್ತಿದ್ದೇನೆ. ಹಪ್ಪಳದ ಅಡಿಯಲ್ಲಿ ಈ ಕಾಗದ ಇಡುತ್ತೇನೆ.

ವಿಷಯ ನಿನ್ನ ಪಪ್ಪನದ್ದೇ. ಅರವತ್ತಕ್ಕೆ ಅರಳು ಮರಳು ಎನ್ನುತ್ತಾರೆ, ಇವರಿಗೆ ಐವತ್ತಾರಕ್ಕೇ ಬಂದಿದೆ. ನೀನು ಹೋದ ಮರುತಿಂಗಳೇ ನೀನು ಹೋಗುತ್ತಿದ್ದ ಆ ಸೀರೆ ಅಂಗಡಿ ಮೇಲಿನ ಜಿಮ್ಮಿಗೆ ಸೇರಿದರು. ಹೌದು, ಅದೇ ಜಿಮ್. ನೀನು ಹೊರಡುವಾಗ ಇಡೀ ಹೋಟೆಲಿಗೆ ಕೇಳುವ ಹಾಗೆ "ಕಬ್ಬಿಣ ಎತ್ತಲು ಸ್ಟೇಷನ್ನಿನಲ್ಲಿ ಹಮಾಲರಿದ್ದಾರೆ, ಅದಕ್ಕೊಂದು ಕೋರ್ಸ್ ಬೇರೆ ಕೇಡು" ಎಂದ ಮನುಷ್ಯ ಈಗ ತಾನೇ ಕಬ್ಬಿಣ ಎತ್ತುತ್ತಾರೆ. ನೀನೂ ಅಂದು ಕಡಿಮೆ ಮಾತಾಡಲಿಲ್ಲ ಬಿಡು. "ಪಪ್ಪ, ಗಿರಾಕಿಗೆ ಗಲ್ಲಾಕ್ಕಿಂತ ಮೊದಲು ನಿಮ್ಮ ಹೊಟ್ಟೆ ಕಾಣುತ್ತದೆ" ಎಂದೆಯಲ್ಲ, ಮೇಜು ಒರೆಸುತ್ತಿದ್ದ ನವೀನ ಕೂಡ ನಕ್ಕುಬಿಟ್ಟ. ಹೋಟೆಲನ್ನು ನೀನು ನೋಡಿಕೊಳ್ಳಬೇಕೆಂಬ ಆಸೆ ಅವರದು, ಟ್ರೇನರ್ ಆಗಬೇಕೆಂಬ ಹಟ ನಿನ್ನದು. ಎಂಟು ತಿಂಗಳಿಂದ ಅಪ್ಪ ಮಗಳು ಮಾತಿಲ್ಲ, ನಡುವೆ ನಾನು ಟಪಾಲಿನವಳು. "ಅವಳದ್ದು ಊಟ ಆಯಿತಾ ಕೇಳು" ಅನ್ನುತ್ತಾರೆ. ನಾನೇ ಕೇಳಬೇಕಂತೆ, ಇವರ ಬಾಯಿಗೆ ಬೀಗ.

ಜಿಮ್ಮಿಗೆ ಹೋಗಲಿ, ನಾನು ಬೇಡವೆಂದೆನೇ? ಮೊದಮೊದಲು ನನಗೂ ಖುಷಿಯೇ ಆಯಿತು. ಹೊಟ್ಟೆ ಇಳಿಯಿತು, ಬೆನ್ನು ನೆಟ್ಟಗಾಯಿತು, ಗೊರಕೆ ಕೂಡ ಕಮ್ಮಿಯಾಯಿತು. ಅಲ್ಲಿನ ಟ್ರೇನರ್ ಸಂತು, ನಿನ್ನನ್ನು ಅಕ್ಕ ಅಕ್ಕ ಅನ್ನುತ್ತಿದ್ದ ಆ ವಿಜಯಪುರದವನು, ಅವರಿಗೆ ಮೊದಲ ದಿನವೇ ಬಿಡಿಸಿ ಹೇಳಿದ್ದಾನಂತೆ: "ಅಣ್ಣಾರ, ತೂಕ ಎತ್ತೂದು ಬಿಡಬ್ಯಾಡ್ರಿ. ಕಾರ್ಡಿಯೋ ವಾರದಾಗ ಎರಡು ಮೂರು ಸಲ, ಇಪ್ಪತ್ತು ಮೂವತ್ತು ನಿಮಿಷ ಜೋರಾಗಿ ನಡದ್ರ ಸಾಕ್ರಿ. ಉಳಿದದ್ದೆಲ್ಲ ಊಟದಾಗ ಐತಿ. ಹೆಚ್ಚಿಗಿ ಓಡಿ, ಕಡಿಮಿ ತಿಂದ್ರ, ಕೊಬ್ಬಿನ ಕೂಡ ಗಳಿಸಿದ ಮಾಂಸಾನೂ ಹೋಗ್ತೈತಿ." ಇಷ್ಟು ಸರಳ ಮಾತು, ನನಗೇ ಅರ್ಥವಾಯಿತು. ಆದರೆ ನಿನ್ನ ಪಪ್ಪನಿಗೆ "ಸಾಕು" ಎಂಬ ಶಬ್ದ ಎಂದಾದರೂ ಕಿವಿಗೆ ಬಿದ್ದದ್ದುಂಟೇ? ನಮ್ಮಲ್ಲಿ ಭಾನುವಾರದ ಎಲೆ ಊಟಕ್ಕೆ ಬಂದವರು ಎರಡೂ ಕೈ ಎಲೆಗೆ ಅಡ್ಡ ಹಿಡಿದು "ಸಾಕು ಸಾಕು" ಎಂದು ಕೂಗುತ್ತಿದ್ದರೂ ಬೆರಳ ಸಂದಿಯಿಂದ ಇನ್ನೊಂದು ಸೌಟು ಪಾಯಸ ಇಳಿಸಿಯೇ ಮುಂದೆ ಹೋಗುವವರು ಇವರು. ಸಾಕೆಂದ ಮೇಲೆ ಬಡಿಸುವುದೇ ಬಡಿಸುವುದು, ಅಲ್ಲಿವರೆಗಿನದು ಬರೀ ವ್ಯಾಪಾರ ಎಂದು ಇವರ ತಂದೆ ಕಲಿಸಿಕೊಟ್ಟಿದ್ದರಂತೆ. ಆ ಒಂದು ಸೌಟಿನಿಂದಲೇ ಹೋಟೆಲು ನಿಂತಿದೆ, ಒಪ್ಪುತ್ತೇನೆ. ಹಾಗೆಂದು ಸ್ವಂತ ಮೈಗೂ ಸೌಟಿನಲ್ಲಿ ಬಡಿಸುವುದೇ?

ಈಗ ಇವರ ದಿನ ಹೇಗೆ ನಡೆಯುತ್ತದೆ ಕೇಳು. ಬೆಳಿಗ್ಗೆ ಇಡ್ಲಿಯ ಮೊದಲ ಹಬೆ ಏಳುವ ಮೊದಲೇ ಜಿಮ್ಮಿನ ಆ ಓಡುವ ಪಟ್ಟಿಯ ಮೇಲೆ ಒಂದು ಗಂಟೆ. ಆಮೇಲೆ ತೂಕ. ಮಧ್ಯಾಹ್ನ ಊಟದ ಗದ್ದಲ ಇಳಿದ ಕೂಡಲೇ, ನಾಲ್ಕು ಮಂದಿ ಮಲಗುವ ಹೊತ್ತಿಗೆ, ಮುಲುಂಡ್ ಸ್ಟೇಷನ್ನಿನವರೆಗೆ ಬಿರಬಿರನೆ ನಡೆದು ವಾಪಸ್. ಸಂಜೆ ಲಿಫ್ಟ್ ಇದ್ದರೂ ಬಿಲ್ಡಿಂಗಿನ ಮೆಟ್ಟಿಲು ಹತ್ತಿ ಇಳಿದು ಹತ್ತುವುದು. ನಾಲ್ಕನೇ ಮಾಳಿಗೆಯ ಮರಾಠಿ ಅಜ್ಜಿ "ಶೇಟ್ ಏನಾದರೂ ಕಳಕೊಂಡಿದ್ದಾರಾ?" ಎಂದು ನನ್ನನ್ನು ಕೇಳಿದಳು. ತಲೆ ಕಳಕೊಂಡಿದ್ದಾರೆ ಎಂದೆ. ತಿನ್ನುವುದೋ, ಬೇಯಿಸಿದ ಹೆಸರುಕಾಳು ಮತ್ತು ಸೌತೆಕಾಯಿ. ಅದನ್ನೂ ಗಲ್ಲಾದಲ್ಲಿ, ಗಿರಾಕಿಗಳ ಕಣ್ಣೆದುರೇ. ಮಾಲಿಕನೇ ತನ್ನ ಹೋಟೆಲಿನ ದೋಸೆ ಮುಟ್ಟದಿದ್ದರೆ ಜನ ಏನು ತಿಳಿಯಬೇಕು ಹೇಳು. ಸಕ್ಕರೆ ಕಾಯಿಲೆಯೇ ಎಂದು ಕೇಳಿದವರಿದ್ದಾರೆ, ಎಣ್ಣೆ ಬದಲಾಯಿಸಿದ್ದೀರಾ ಎಂದು ಕೇಳಿದವರೂ ಇದ್ದಾರೆ.

ನಾನು ಬೈದೆ, ಕಣ್ಣೀರು ಹಾಕಿದೆ, ಊಟ ಕೊಡುವುದಿಲ್ಲ ಎಂದೆ. ಕೋಣನ ಮುಂದೆ ಕಿನ್ನರಿ ಬಾರಿಸಿದ ಹಾಗಾಯಿತು. ಸಂತು ಹೇಳಿದ್ದನ್ನು ನೆನಪಿಸಿದರೆ "ಅವನು ಹುಡುಗ, ಗೊತ್ತಿದ್ದವರು ಹೇಳಿದ್ದಾರೆ ನನಗೆ" ಅನ್ನುತ್ತಾರೆ. ಯಾರು ಈ ಗೊತ್ತಿದ್ದವರು ಎಂದು ಕೇಳಿದರೆ ಮುಗುಳ್ನಕ್ಕು ಎದ್ದು ಹೋಗುತ್ತಾರೆ. ಎಲ್ಲೋ ಫೋನಿನಲ್ಲಿ ಯಾರೋ ಗುರು ಸಿಕ್ಕಿರಬೇಕು. ಅವನ ನಾಲಗೆ ಬಿದ್ದು ಹೋಗಲಿ! ಮನೆಯಲ್ಲಿ ಹೆಂಡತಿ ಇಲ್ಲದವನೇ ಇರಬೇಕು, ಇದ್ದಿದ್ದರೆ ಇನ್ನೊಬ್ಬಳ ಗಂಡನನ್ನು ಹೀಗೆ ಓಡಿಸುತ್ತಿದ್ದನೇ? ನೀನೂ ವಿಡಿಯೋ ಮಾಡುತ್ತೀಯಲ್ಲ, ನಾನು ಒಂದನ್ನೂ ಬಿಡದೆ ನೋಡುತ್ತೇನೆ. ನಿನ್ನ ಹಿಂದಿಯೂ ಇಂಗ್ಲಿಷೂ ಅರ್ಧ ತಲೆಗೆ ಹೋಗುವುದಿಲ್ಲ. ಆದರೂ ಕೊನೆಗೆ ಕೈ ತಟ್ಟಿ "ಔರ್ ಥೋಡಾ, ಔರ್ ಥೋಡಾ!" ಎಂದು ಎಲ್ಲರನ್ನೂ ಹುರಿದುಂಬಿಸುವಾಗ ಸೌಟು ಹಿಡಿದ ನಿನ್ನ ಪಪ್ಪನೇ ಎದುರು ನಿಂತ ಹಾಗಾಗುತ್ತದೆ. ನೂಲಿನಂತೆ ಸೀರೆ, ತಾಯಿಯಂತೆ ಮಗಳು ಎಂದವರು ನಮ್ಮ ಮನೆ ನೋಡಿರಲಿಲ್ಲ. ಇವರಂತೂ ನಾನು ನಿನ್ನ ವಿಡಿಯೋ ಹಾಕಿದ ಕೂಡಲೇ ಎದ್ದು ಅಡುಗೆಮನೆಗೆ ನಡೆಯುತ್ತಾರೆ. ಅಷ್ಟು ಕಲ್ಲು ಮನಸ್ಸು.

ಇದಿಷ್ಟೇ ಆಗಿದ್ದರೆ ನಾನು ಬೈದುಕೊಂಡೇ ಇರುತ್ತಿದ್ದೆ, ಕಾಗದ ಬರೆಯುತ್ತಿರಲಿಲ್ಲ. ಮೊನ್ನೆ ಗುರುವಾರ ನವೀನ ರಜೆಯಲ್ಲಿದ್ದ. ಮಧ್ಯಾಹ್ನ ಎಲ್ಲ ಮೇಜೂ ಭರ್ತಿಯಿರುವಾಗ ಇವರೇ ಸಾಂಬಾರಿನ ಬಕೆಟ್ ಹಿಡಿದು ಹೊರಟರು. ನಡುವೆ ನಿಂತರು. ಬಕೆಟನ್ನು ಮೆಲ್ಲನೆ ಮೇಜಿನ ಮೇಲಿಟ್ಟರು, ಒಂದು ಹನಿ ಯಾರ ಮೇಲೂ ಬೀಳಿಸಲಿಲ್ಲ, ಆಮೇಲೆ ಅಲ್ಲೇ ಕುಸಿದರು. ನನ್ನ ಜೀವ ಬಾಯಿಗೆ ಬಂತು, ಶ್ರಾವ್ಯಾ. ಎತ್ತಿ ಕೂರಿಸುವಾಗ ತೋಳು ಹಿಡಿದರೆ ಕೈಗೆ ಸಿಕ್ಕಿದ್ದು ಎಲುಬು. ಡಾಕ್ಟರು ಈಸಿಜಿ ತೆಗೆದರು. ನಾಡಿ ತಾಳ ತಪ್ಪುತ್ತಿದೆಯಂತೆ, ಈಗಲೇ ಹೆದರುವಂಥದ್ದಲ್ಲ, ಆದರೆ ಓಟ ಪೂರ್ತಿ ನಿಲ್ಲಿಸಬೇಕು, ಹೊಟ್ಟೆ ತುಂಬ ತಿನ್ನಬೇಕು, ಇನ್ನೂ ಪರೀಕ್ಷೆಗಳಾಗಬೇಕು, ಹೀಗೇ ಮುಂದುವರಿಸಿದರೆ ಹೃದಯಕ್ಕೇ ಪೆಟ್ಟು ಎಂದರು. ಇವರು ಅಲ್ಲಿ ಒಳ್ಳೆಯ ಹುಡುಗನ ಹಾಗೆ ತಲೆಯಾಡಿಸಿದರು. ನಿನ್ನೆ ಬೆಳಿಗ್ಗೆ ಎದ್ದು ನೋಡಿದರೆ ಹಾಸಿಗೆ ಖಾಲಿ, ಬಾಗಿಲ ಹತ್ತಿರ ಬೂಟು ಇಲ್ಲ.

ಸಂತುವಿಗೆ ಫೋನ್ ಮಾಡಿ ಅತ್ತುಬಿಟ್ಟೆ. ಆಗ ಅವನು ಹೇಳಿದ. ಜಿಮ್ಮಿನ ಗೋಡೆಯಲ್ಲಿ ನೀನು ಭಾರ ಎತ್ತಿದ ಫೋಟೋ ಇದೆಯಲ್ಲ, ಇವರು ದಿನಾ ಅದರ ಕೆಳಗಿನ ಜಾಗದಲ್ಲೇ ನಿಲ್ಲುತ್ತಾರಂತೆ. ಬೇರೆ ಯಾರಾದರೂ ನಿಂತಿದ್ದರೆ ಕಾಯುತ್ತಾರಂತೆ. "ಅವಳು ಬರುವಾಗ ಹೊಟ್ಟೆ ಇರಬಾರದು, ಅವಳಿಗೆ ತೋರಿಸಬೇಕು" ಎಂದಿದ್ದಾರಂತೆ. ಯಾರಿಗೆ ಬೈಯಲಿ ಹೇಳು? ಇಂಥ ಮನುಷ್ಯನಿಗೆ ಬೈದರೂ ಬಾಯಿ ನೋಯುತ್ತದೆ, ಬೈಯದಿದ್ದರೆ ಎದೆ ನೋಯುತ್ತದೆ.

ನೀನು ಕಲಿತವಳು. ಇಂಥವರಿಗೆ ಹೇಗೆ ಹೇಳಬೇಕು, ಯಾವ ಮಾತಿಗೆ ಬಗ್ಗುತ್ತಾರೆ ಎಂದು ನಿನ್ನ ಗುರುಗಳನ್ನಾದರೂ ಕೇಳಿ ನನಗೆ ತಿಳಿಸು. ಉಪ್ಪಿನಕಾಯಿಗೆ ಒದ್ದೆ ಚಮಚ ಹಾಕಬೇಡ. ನಮ್ಮ ದೈವಗಳು ನಿನ್ನ ಬೆನ್ನಿಗಿರಲಿ, ಎಷ್ಟು ಭಾರ ಎತ್ತಿದರೂ ಆ ಬೆನ್ನು ಬಾಗದಿರಲಿ.

ನಿನ್ನ ಅಮ್ಮ,
ಸೇವಂತಿ

ತಾ.ಕ.: ಕಾಗದ ಮಡಚಿದ್ದೆ, ಮತ್ತೆ ಬಿಚ್ಚಿದ್ದೇನೆ. ಗಡಿಬಿಡಿ, ಅಕ್ಷರ ನೋಡಬೇಡ. ಇವರು ಮುಲುಂಡ್ ಕಡೆಗೆ ಹೋಗಿದ್ದಾರೆ, ಹೋಟೆಲಿನ ಫೋನು ಗಲ್ಲಾದಲ್ಲೇ ಬಿಟ್ಟಿದ್ದಾರೆ. ಆರ್ಡರ್ ಬಂತೆಂದು ನವೀನ ತಂದುಕೊಟ್ಟ. ತೆರೆದರೆ ನಿನ್ನ ಮುಖ. ನಿನ್ನ ವಿಡಿಯೋದ ಕೆಳಗೆ ಶೆಟ್ಟೆಪ್ಪ ಎಂಬ ಕಳ್ಳ ಹೆಸರು, ಫೋಟೋ ಇರುವಲ್ಲಿ ನಮ್ಮ ಗಲ್ಲಾದ ಮೇಲಿನ ಗಣಪತಿ. "ಮೇಡಂ, ತೂಕ ಎತ್ತುವವರು ಮೈ ಸಪೂರ ಇಟ್ಟುಕೊಳ್ಳಲು ಕಾರ್ಡಿಯೋ ಎಷ್ಟು ಮಾಡಬೇಕು?" ನೀನು ಉತ್ತರ ಕೊಟ್ಟಿದ್ದೀ, "ಔರ್ ಥೋಡಾ, ಅಂಕಲ್!" ಮುಂದಿನ ವಿಡಿಯೋದಲ್ಲಿ ಮತ್ತೆ ಕೇಳಿದ್ದಾರೆ, ಮತ್ತೆ ಅದೇ ಉತ್ತರ. ಒಂದನ್ನೂ ಬಿಟ್ಟಿಲ್ಲ, ಮಗಾ. ಮೇಲೆ ಆ ಗುರುವಿಗೆ ಹಾಕಿದ ಶಾಪವನ್ನು ಹೊಡೆದುಹಾಕು, ನಿನಗೆ ತಗಲದಿರಲಿ. ಅವರ ಎಲೆಗೆ ಕೈ ಅಡ್ಡ ಹಿಡಿಯಲು ನನ್ನಿಂದಾಗಲಿಲ್ಲ, ಡಾಕ್ಟರಿಂದಲೂ ಆಗಲಿಲ್ಲ. ಕಾಗದ ಕೈಗೆ ಸಿಕ್ಕಿದ ಕೂಡಲೇ ಆ ಶೆಟ್ಟೆಪ್ಪನಿಗೆ ಒಂದೇ ಸಾಲು ಬರೆ: "ಇನ್ನು ಸಾಕು, ಪಪ್ಪ." ಅಂಕಲ್ ಎಂದು ಬರೆಯಬೇಡ.