ಸೋಮವಾರ ಮಾತ್ರ ಸಾಯುವ ವೈರಸ್

ಫೆಬ್ರುವರಿ ೬, ಶನಿವಾರ

ಪ್ರೀತಿಯ ಪುಟ್ಟಾ,

ಬೈಸಿಕೊಳ್ಳುವ ಕೆಲಸವನ್ನು ಮೊದಲು ಮುಗಿಸಿಬಿಡುತ್ತೇನೆ. ನಿನ್ನ ಮೂರು ಕಾಗದ ಬಂದಿವೆ, ಮೂರಕ್ಕೂ ನಾನು ಉತ್ತರ ಬರೆದಿಲ್ಲ. ಕೆಲಸ ಜಾಸ್ತಿಯಿತ್ತು ಎಂದು ಶುರುಮಾಡಿ ಒಂದು ಹಾಳೆ ಹರಿದೆ, ಮೈ ಹುಷಾರಿರಲಿಲ್ಲ ಎಂದು ಇನ್ನೊಂದು ಹರಿದೆ. ಎರಡೂ ಸುಳ್ಳು. ಇನ್ನೊಂದು ಮಾತು, ನಲವತ್ತು ದಾಟಿದ, ಹಡಗಿನ ಎಂಜಿನ್ ರಿಪೇರಿ ಮಾಡುವ ಮನುಷ್ಯನನ್ನು ಪುಟ್ಟಾ ಎಂದು ಕರೆಯಬೇಡ ಅಂತ ಬರೆದಿದ್ದೀಯ. ಓದಿದೆ. ಅದು ನನ್ನಿಂದ ಆಗುವುದಿಲ್ಲ.

ಮೂರು ಕಾಗದದಲ್ಲೂ ನೀನು ಕೇಳಿರುವುದು ಒಂದೇ ಪ್ರಶ್ನೆ. ಅಮ್ಮ ಸುಧಾರಿಸುತ್ತಿದ್ದಾಳೆ ತಾನೇ, ಹಾಗಾದರೆ ತಿಂಗಳ ಕೊನೆಗೆ ಇನ್ನಾರು ತಿಂಗಳಿಗೆ ಸಹಿ ಹಾಕಲೇ, ಇಲ್ಲ ಮನೆಗೆ ಬರಲೇ ಎಂದು. ಹಾಕಬೇಡ, ಬಾ. ಯಾಕೆ ಎಂದು ಹೇಳುವುದಕ್ಕೇ ಈ ಉದ್ದದ ಕಾಗದ. ನಡುನಡುವೆ ನಗು ಬಂದರೆ ನಕ್ಕುಬಿಡು, ನಾನೂ ನಕ್ಕಿದ್ದೇನೆ.

ನಮ್ಮ ಕೆಲಸ ಏನೆಂದು ಇನ್ನೊಮ್ಮೆ ಹೇಳಬೇಕು, ಏಕೆಂದರೆ ಹೋದ ಸಲ ನೀನು ‘ಆ ಹುಳದ ಔಷಧಿ’ ಎಂದು ಬರೆದಿದ್ದೆ. ಹುಳವಲ್ಲ ಮಾರಾಯ, ವೈರಸ್. ಜ್ವರ ಬಿಟ್ಟಮೇಲೆ ತುಟಿಯ ಅಂಚಿನಲ್ಲಿ ಗುಳ್ಳೆ ಏಳುತ್ತದಲ್ಲ, ಅದರದ್ದು. ಚಿಕ್ಕಂದಿನಲ್ಲಿ ಮೈ ಸೇರಿ ನರದ ಬುಡದಲ್ಲಿ ಮಲಗಿಬಿಡುತ್ತದೆ, ಆಮೇಲೆ ಜಪ್ಪಯ್ಯ ಅಂದರೂ ಜಾಗ ಖಾಲಿ ಮಾಡುವುದಿಲ್ಲ. ವಯಸ್ಸಾದವರಲ್ಲಿ ಕೆಲವೊಮ್ಮೆ ಅದು ಎದ್ದು ಮಿದುಳಿನ ಕಡೆಗೆ ಹೊರಡುತ್ತದೆ, ಮರೆವಿನ ಕಾಯಿಲೆಯಲ್ಲಿ ಅದರ ಕೈವಾಡವೂ ಇರಬಹುದು ಎನ್ನುವುದು ನಮ್ಮ ಮೇಡಂ ಅವರ ಗುಮಾನಿ. ಗುಮಾನಿ ಅಷ್ಟೆ, ಸಾಬೀತಾಗಿಲ್ಲ. ಇಪ್ಪತ್ತು ವರ್ಷದಿಂದ ಅವರು ಇದರ ಬೆನ್ನು ಬಿದ್ದಿದ್ದಾರೆ. ಪ್ರತಿ ಸಮ್ಮೇಳನಕ್ಕೆ ಹೊರಡುವ ಹಿಂದಿನ ದಿನ ಅವರ ತುಟಿಯ ಮೇಲೇ ಗುಳ್ಳೆ ಏಳುತ್ತದೆ. “ನೋಡಿದ್ರಾ, ಇದಕ್ಕೆ ನನ್ ಮೇಲೆ ಎಷ್ಟು ಸಿಟ್ಟು” ಎಂದು ಕನ್ನಡಿ ಹಿಡಿದು ನಮಗೆಲ್ಲ ತೋರಿಸುತ್ತಾರೆ.

ನನ್ನ ಪಾಲಿಗೆ ಬಂದಿರುವುದು ಎಂಜಲು. ಬಂದವರಿಂದ ಶೀಶೆಗೆ ಉಗುಳಿಸಿಕೊಳ್ಳುವುದು, ಅದರಲ್ಲಿ ವೈರಸ್ ಎಷ್ಟಿದೆ ಎಂದು ಯಂತ್ರದಿಂದ ಎಣಿಸುವುದು, ಉಳಿದ ಹೊತ್ತಿನಲ್ಲಿ ಮೇಡಂ ಕೊಟ್ಟದ್ದನ್ನೆಲ್ಲ ಟೈಪ್ ಮಾಡುವುದು. ಮರೆವು ಶುರುವಾದ ಅರವತ್ನಾಲ್ಕು ಮಂದಿ ನಮ್ಮಲ್ಲಿದ್ದಾರೆ, ಅರ್ಧ ಸೋಮವಾರದವರು, ಅರ್ಧ ಗುರುವಾರದವರು. ಹದಿನೈದು ದಿನಕ್ಕೊಮ್ಮೆ ಬಂದು ಉಗುಳಿ ಮಾತ್ರೆ ತೆಗೆದುಕೊಂಡು ಹೋಗುತ್ತಾರೆ. ಎರಡೂ ದಿನದವರಲ್ಲಿ ಅರ್ಧ ಜನಕ್ಕೆ ನಿಜವಾದ ಮಾತ್ರೆ, ಅರ್ಧಕ್ಕೆ ಬರೀ ಹಿಟ್ಟಿನದು. ಯಾರಿಗೆ ಯಾವುದು ಎಂದು ನಮಗಾರಿಗೂ ಗೊತ್ತಿಲ್ಲ. ಮೂರು ತಿಂಗಳಿಗೊಮ್ಮೆ ನೆನಪಿನ ಪರೀಕ್ಷೆ. ಪರೀಕ್ಷೆಯ ಕೋಣೆಯಲ್ಲಿರುವ ಸಹೋದ್ಯೋಗಿ ಐದು ಪದ ಹೇಳುತ್ತಾಳೆ, ಎಲ್ಲರಿಗೂ ಪ್ರತಿ ಸಲವೂ ಅವೇ ಐದು, ಗಡಿಯಾರದ ಚಿತ್ರ ಬರೆಸಿ, ನೂರರಿಂದ ಏಳೇಳು ಕಳೆಸಿ, ಹತ್ತು ನಿಮಿಷ ಬಿಟ್ಟು ಆ ಐದು ಪದ ಏನೆಂದು ಕೇಳುತ್ತಾಳೆ. ಒಂದರ ಮೇಲೊಂದು ಎರಡು ಪರೀಕ್ಷೆಯಲ್ಲಿ ಎರಡಕ್ಕಿಂತ ಕಡಿಮೆ ಬಂದರೆ ಹೆಸರು ಹೊಡೆದು ಮಾತ್ರೆ ನಿಲ್ಲಿಸುತ್ತಾರೆ, ಅದು ನಿಯಮ.

ಅಮ್ಮ ಸೋಮವಾರದವಳು. ಅವಳ ಶೀಶೆಯನ್ನು ನಾನು ಮುಟ್ಟಬಾರದು, ಅವಳ ಪರೀಕ್ಷೆಯ ಹೊತ್ತಿಗೆ ಆ ಕೋಣೆಯ ಹತ್ತಿರ ಸುಳಿಯಬಾರದು ಎಂದು ಷರತ್ತು ಹಾಕಿಯೇ ಮೇಡಂ ಅವಳನ್ನು ಸೇರಿಸಿಕೊಂಡಿದ್ದರು. ಮಾರ್ಚಿನಲ್ಲಿ ಅವಳಿಗೆ ಐದಕ್ಕೆ ಎರಡು. ಜೂನಿನಲ್ಲಿ ಒಂದು. ಸೆಪ್ಟೆಂಬರಿನಲ್ಲಿ ಐದಕ್ಕೆ ಐದು. ಆಗಲೇ ನಾನು ನಿನಗೆ ನಾಲ್ಕು ಪುಟ ಬರೆದದ್ದು, ನೀನು ಹಡಗಿನ ಅಡುಗೆಯವನ ಕೈಯಲ್ಲಿ ಕೇಕ್ ಮಾಡಿಸಿ ಹಂಚಿ, ಹಾಗಾದರೆ ಇನ್ನೊಂದು ಸುತ್ತು ಮುಗಿಸಿಯೇ ಬರುತ್ತೇನೆ ಎಂದು ಅಲ್ಲೇ ಸಹಿ ಹಾಕಿದ್ದು.

ಡಿಸೆಂಬರಿನ ಪರೀಕ್ಷೆಯಲ್ಲಿ ಅಮ್ಮನಿಗೆ ಮತ್ತೆ ಐದು. ಅವಳಿಗೊಬ್ಬಳಿಗೇ ಅಲ್ಲ, ಸೋಮವಾರದವರಿಗೆಲ್ಲ ನಾಲ್ಕು, ಐದು. ಮೇಡಂ ಅವತ್ತು ಖುಷಿಗೆ ಊಟವನ್ನೇ ಮಾಡಲಿಲ್ಲ. ಅಂಕಿಅಂಶ ನೋಡುವವರು ಒಬ್ಬರಿದ್ದಾರೆ, ಹಿಂದಿನಿಂದ ನಾವು ಅವರನ್ನು ಸರಾಸರಿ ಎಂದು ಕರೆಯುತ್ತೇವೆ. ಊಟದ ಡಬ್ಬಿಯನ್ನೂ ತೂಕ ನೋಡಿ ತರುವ ಜಾತಿ. ಅವರು ಕಾಗದ ಹಿಡಿದು ಬಂದು ಬಾಗಿಲಲ್ಲೇ ನಿಂತರು.

“ಒಂದ್ ಸಣ್ಣ ತೊಂದ್ರೆ ಇದೆ ಮೇಡಂ.”

“ಏನ್ ತೊಂದ್ರೆ? ಎಲ್ಲರೂ ಸುಧಾರಿಸಿದಾರಲ್ಲ?”

“ಅದೇ ತೊಂದ್ರೆ. ಎಲ್ಲರೂ ಸುಧಾರಿಸಿದಾರೆ. ಇವರಲ್ಲಿ ಅರ್ಧ ಜನ ತಿಂದಿರೋದು ಬರೀ ಹಿಟ್ಟು. ಹಿಟ್ಟಿಗೂ ವೈರಸ್ ಸಾಯುತ್ತೆ ಅಂದ್ರೆ ನಾವು ಇಷ್ಟು ವರ್ಷ ಕಷ್ಟ ಪಡಬೇಕಿರ್ಲಿಲ್ಲ.”

ಸರಾಸರಿ ಕಾಗದ ತಿರುಗಿಸಿದರು. “ಇನ್ನೊಂದು. ಗುರುವಾರದವರು ಒಬ್ಬರೂ ಸುಧಾರಿಸಿಲ್ಲ. ನಿಮ್ಮ ವೈರಸ್ ಸೋಮವಾರ ಮಾತ್ರ ಸಾಯ್ತಾ ಇದೆ.”

ಆಮೇಲಿನ ಎರಡು ವಾರ ನಮ್ಮ ಪ್ರಯೋಗಾಲಯದಲ್ಲಿ ಸೋಮವಾರದ ತನಿಖೆ. ಸೋಮವಾರ ಕುಡಿಯುವ ನೀರು ಯಾವ ಡ್ರಮ್ಮಿನದು, ಮಾತ್ರೆ ಎಣಿಸುವವರು ಯಾರು, ಕಿಟಕಿ ತೆರೆದಿರುತ್ತದೋ ಮುಚ್ಚಿರುತ್ತದೋ, ಎಲ್ಲವನ್ನೂ ಬರೆದುಕೊಂಡೆವು. ಕಸ ಗುಡಿಸುವಾಕೆ ಸೋಮವಾರ ನೆಲಕ್ಕೆ ನಿಂಬೆ ವಾಸನೆಯ ದ್ರಾವಣ ಹಾಕುತ್ತಾಳೆ ಎಂದು ತಿಳಿದು ಮೇಡಂ ಅರ್ಧ ದಿನ ಅದರ ಬಾಟಲಿಯ ಹಿಂದಿನ ಸಣ್ಣ ಅಕ್ಷರ ಓದಿದರು. ಆಕೆ ನನ್ನನ್ನು ಮೂಲೆಗೆ ಕರೆದು, “ಅಕ್ಕಾ, ನನ್ನ ಕೆಲಸದಿಂದ ತೆಗೀತಾರಾ, ಇಲ್ಲಾ ಬಹುಮಾನ ಕೊಡ್ತಾರಾ?” ಎಂದು ಕೇಳಿದಳು. ಎರಡೂ ಆಗಬಹುದು ಎಂದೆ.

ಕೊನೆಗೆ ಗುಟ್ಟು ಹೊರಬಿದ್ದದ್ದು ಬಸ್ ಡ್ರೈವರ್ ಆಗಿದ್ದ ಒಬ್ಬ ಅಜ್ಜನಿಂದ. ಡಿಸೆಂಬರಿನಲ್ಲಿ ಜ್ವರ ಬಂದು ಪರೀಕ್ಷೆ ತಪ್ಪಿಸಿಕೊಂಡಿದ್ದವರು, ಜನವರಿಯಲ್ಲಿ ಬಂದು ಕುರ್ಚಿಯ ಮೇಲೆ ಇನ್ನೂ ಸರಿಯಾಗಿ ಕೂತಿರಲಿಲ್ಲ, “ಏಣಿ, ಮೊಲ, ಕತ್ತರಿ, ನದಿ, ಬಾಚಣಿಗೆ. ಹೊರಡ್ಲಾ?” ಎಂದರಂತೆ. ಸಹೋದ್ಯೋಗಿ ಆ ಪದಗಳನ್ನು ಇನ್ನೂ ಹೇಳಿಯೇ ಇರಲಿಲ್ಲ. ಯಾರು ಹೇಳಿಕೊಟ್ಟರು ಎಂದರೆ ಅಜ್ಜ ಕಾಯುವ ಕೋಣೆಯ ಕಡೆ ಬೆರಳು ತೋರಿಸಿದರಂತೆ. ಅವಳು ಪೆನ್ನು ಕೆಳಗಿಟ್ಟು ಎದ್ದು ಮೇಡಂ ಕೋಣೆಗೆ ಓಡಿದಳು. ಕೇಳುವ ಮೊದಲೇ ನೆನಪಾಗುವ ಮಟ್ಟಕ್ಕೆ ಔಷಧಿ ಕೆಲಸ ಮಾಡಿದೆ ಎಂದು ಬರೆಯಲು ಮೇಡಂಗೂ ಧೈರ್ಯ ಸಾಲಲಿಲ್ಲ.

ಮೇಡಂ, ಸರಾಸರಿ, ನಾನು, ಮೂವರೂ ಸದ್ದಿಲ್ಲದೆ ಕಾಯುವ ಕೋಣೆಯ ಬಾಗಿಲಿಗೆ ಹೋದೆವು. ಪುಟ್ಟಾ, ಅಲ್ಲಿ ಶಾಲೆ ನಡೆಯುತ್ತಿತ್ತು. ಕುರ್ಚಿಗಳು ಗೋಡೆಯ ಪಕ್ಕದಲ್ಲಿರಲಿಲ್ಲ, ಮೂರು ಸಾಲಾಗಿದ್ದವು. ಎದುರಿಗೆ ನಮ್ಮಮ್ಮ. ಮೂವತ್ತೆಂಟು ವರ್ಷ ಎರಡನೇ ತರಗತಿಗೆ ಪಾಠ ಹೇಳಿದ ಬೆನ್ನು, ಹೇಗೆ ನೆಟ್ಟಗಾಗಿತ್ತು ಅಂತೀಯ. ಕೈಯಲ್ಲಿ ಯಾರದೋ ಕೊಡೆ. ಮುಂದಿನ ಸಾಲಿನಲ್ಲಿ ಸೂಟು ಹಾಕಿಕೊಂಡೇ ಬರುವ ನಿವೃತ್ತ ನ್ಯಾಯಾಧೀಶರು ನಿಂತು ತಡವರಿಸುತ್ತಿದ್ದರು.

“ಏಣಿ... ಮೊಲ... ಕತ್ತರಿ...”

“ಆಮೇಲೆ?”

“ಸ್ವಲ್ಪ ಕಾಲಾವಕಾಶ ಕೊಡ್ಬೇಕು ತಾಯಿ. ನಾನೊಬ್ಬ ನಿವೃತ್ತ ನ್ಯಾಯಾಧೀಶ.”

“ನ್ಯಾಯಾಧೀಶ ಆದ್ರೇನು, ನಾಲ್ಕನೇದು ಹೇಳು. ಹೋದ ಸಲಾನೂ ಇಲ್ಲೇ ನಿಂತೆ. ಮನೇಲಿ ಓದೋದೇ ಇಲ್ಲ ನೀನು.”

ಹಿಂದಿನ ಸಾಲಿನಿಂದ, ಟೈಲರ್ ಆಗಿದ್ದ ಹೆಂಗಸೊಬ್ಬಳು ಬಾಯಿಗೆ ಸೆರಗಿಟ್ಟು “ನದಿ, ನದಿ” ಎಂದು ಉಸುರಿದಳು. ಅಮ್ಮ ಕೊಡೆಯನ್ನು ಆ ಕಡೆ ತಿರುಗಿಸಿ, “ಹೇಳಿಕೊಡೋದು ನನ್ ಕೆಲಸ” ಎಂದಳು. ಆಮೇಲೆ ಬಾಗಿಲಲ್ಲಿದ್ದ ನಮ್ಮನ್ನು ನೋಡಿದಳು. ಮೇಡಂ ಹಿಂದೆ ಸರಿದರು. ಸರಾಸರಿ ಕೈಯಲ್ಲಿದ್ದ ಕಾಗದವನ್ನು ಬೆನ್ನ ಹಿಂದೆ ಬಚ್ಚಿಟ್ಟರು. ನನಗೆ ಅಮ್ಮ, “ಲೇಟಾಗಿ ಬಂದಿದೀಯ. ಹಿಂದೆ ಹೋಗಿ ಕೂತ್ಕೊ” ಎಂದಳು. ಹೋಗಿ ಕೂತೆ, ಬೇರೆ ದಾರಿ ಇರಲಿಲ್ಲ. ಅಷ್ಟರಲ್ಲಿ ಪರೀಕ್ಷೆಯ ಕೋಣೆಯಿಂದ ವಾಪಸು ಬಂದು ಪಕ್ಕದಲ್ಲಿ ಕೂತಿದ್ದ ಡ್ರೈವರಜ್ಜ ನನ್ನ ಕಡೆ ವಾಲಿ, “ಹೊಸಬರಾ? ಹೆದರ್ಕೋಬೇಡಿ, ಹೊಡೆಯಲ್ಲ” ಎಂದರು.

ಪದಗಳ ಪಟ್ಟಿ ಬದಲಾಯಿತು. ಹೊಸ ಪಟ್ಟಿಯಲ್ಲಿ ನ್ಯಾಯಾಧೀಶರಿಗೆ ಎರಡು, ಟೈಲರ್‌ಗೆ ಒಂದು, ಅಮ್ಮನಿಗೆ ಸೊನ್ನೆ. ಸೋಮವಾರದ ಇಡೀ ವರ್ಷದ ಫಲಿತಾಂಶವನ್ನು ಬದಿಗಿಡಬೇಕಾಯಿತು. ಮೇಡಂ ಒಂದು ದಿನ ಬಾಗಿಲು ಹಾಕಿಕೊಂಡು ಕೂತಿದ್ದು, ಮರುದಿನ ಹೊರಗೆ ಬಂದು, “ಇಪ್ಪತ್ತು ವರ್ಷದಲ್ಲಿ ನಂಗೆ ಯಾರೂ ಇಷ್ಟು ಚೆನ್ನಾಗಿ ಮೋಸ ಮಾಡಿರ್ಲಿಲ್ಲ. ನಿಮ್ಮಮ್ಮನ ಕರ್ಕೊಂಡು ಬನ್ನಿ, ಅವರ ಜೊತೆ ಕಾಫಿ ಕುಡೀಬೇಕು” ಎಂದು ನಕ್ಕರು. ತುಟಿಯ ಮೇಲೆ ಗುಳ್ಳೆ ಎದ್ದಿತ್ತು. ಗುರುವಾರದವರನ್ನಿಟ್ಟುಕೊಂಡು, ಹೊಸ ಜನರನ್ನು ಹುಡುಕಿಕೊಂಡು ಮತ್ತೆ ಮೊದಲಿನಿಂದ ಶುರುಮಾಡುತ್ತಾರಂತೆ. ಅವರಿಗೆ ಒಂದು ಅನುಮಾನ ಮಾತ್ರ ಉಳಿದಿದೆ. ತಿಂಡಿ ತಿಂದೆನೋ ಇಲ್ಲವೋ ಎಂದು ಗೊತ್ತಿರದ ಹೆಂಗಸು ಮೂರು ತಿಂಗಳಿಗೊಮ್ಮೆ ಕೇಳಿದ ಪದಗಳನ್ನು ಹೇಗೆ ಹಿಡಿದಿಟ್ಟುಕೊಂಡರು ಎಂದು ಎರಡು ಸಲ ಕೇಳಿದರು. ಟೀಚರ್ ಆಗಿದ್ದವರಲ್ಲವೇ ಮೇಡಂ, ಅಭ್ಯಾಸಬಲ ಎಂದೆ.

ಸೋಮವಾರದವರೆಲ್ಲರ ಜೊತೆ ಅಮ್ಮನ ಹೆಸರನ್ನೂ ತೆಗೆದಿದ್ದಾರೆ. ಈಗ ಮಾತ್ರೆಯಿಲ್ಲ. ಊಟ ಮಾಡುತ್ತಾಳೆ, ನಿದ್ದೆ ಮಾಡುತ್ತಾಳೆ, ಬೆಳಿಗ್ಗೆ ಶಾಲೆಗೆ ಹೊತ್ತಾಯಿತು ಎಂದು ಚಪ್ಪಲಿ ಹಾಕಿಕೊಂಡು ನಿಲ್ಲುತ್ತಾಳೆ. ಇವತ್ತು ರಜೆ ಎಂದರೆ ಮಕ್ಕಳಿಗಿಂತ ಹೆಚ್ಚು ಖುಷಿಪಡುತ್ತಾಳೆ. ಅವಳು ಸುಧಾರಿಸಿರಲಿಲ್ಲ ಪುಟ್ಟಾ. ಒಂದು ದಿನವೂ ಸುಧಾರಿಸಿರಲಿಲ್ಲ.

ಎಂಜಿನ್ ಕೋಣೆಯ ಬಿಸಿಯಲ್ಲಿ ನೀರು ಕುಡಿಯುವುದನ್ನು ಮರೆಯಬೇಡ. ನಿನ್ನ ಕೈಗೆ ಸುಟ್ಟಗಾಯವಾಗದಿರಲಿ, ಸಮುದ್ರ ಮೆತ್ತಗಿರಲಿ, ದಾರಿಯುದ್ದಕ್ಕೂ ನಿನಗೆ ಒಳ್ಳೆಯದಾಗಲಿ.

ಇಂತಿ,
ನಿನ್ನ ಅಕ್ಕ

ತಾ.ಕ. ಅಂಟಿಸಿದ ಲಕೋಟೆಯನ್ನು ಮತ್ತೆ ಬಿಚ್ಚಿದ್ದೇನೆ. ಮೇಡಂ ಕೇಳಿದ ಪ್ರಶ್ನೆಗೆ ಉತ್ತರ ನನ್ನ ಹತ್ತಿರವಿತ್ತು. ಆ ಪಟ್ಟಿಯನ್ನು ಟೈಪ್ ಮಾಡಿದವಳು ನಾನು. ಜೂನಿನಲ್ಲಿ ಅವಳಿಗೆ ಒಂದು ಬಂತಲ್ಲ, ಇನ್ನೊಂದು ಸಲ ಹಾಗೇ ಆದರೆ ಮಾತ್ರೆ ನಿಲ್ಲಿಸುತ್ತಾರೆ ಎಂದು ಹೆದರಿದೆ. ಅವಳದು ಹಿಟ್ಟಿನ ಮಾತ್ರೆಯೇ ಇರಬಹುದೆಂದು ಎಲ್ಲರಿಗಿಂತ ಚೆನ್ನಾಗಿ ಗೊತ್ತಿದ್ದವಳು ನಾನು, ಆದರೂ ಹೆದರಿದೆ. ದಿನಾ ಸಂಜೆ ಅವಳ ತಲೆ ಬಾಚುತ್ತ ಐದು ಪದವನ್ನೂ ಹೇಳಿಸಿದೆ. ಮೂರು ತಿಂಗಳಲ್ಲಿ ಬಾಯಿಪಾಠವಾಯಿತು, ಆಮೇಲೂ ಬಿಡಲಿಲ್ಲ. ತನಗೆ ಬಂದದ್ದನ್ನು ಅವಳು ಇತರರಿಗೆ ಕಲಿಸದೆ ಇರುವವಳೇ? ಪರೀಕ್ಷೆಯಲ್ಲಿ ಐದು ಬಂದಾಗ ನಾನೇ ಕಲಿಸಿದ್ದು ಎನ್ನುವುದನ್ನು ಬೇಕೆಂದೇ ಮರೆತು, ಹಿಗ್ಗಿ ನಿನಗೆ ನಾಲ್ಕು ಪುಟ ಬರೆದೆ. ನೀನು ನಂಬಿ ಅಲ್ಲೇ ಉಳಿದೆ. ಸೋಮವಾರ ಮೇಡಂಗೆ ಹೇಳುತ್ತೇನೆ, ಕೆಲಸ ಹೋದರೆ ಹೋಗಲಿ. ನಿನಗೆ ಮೊದಲು ಹೇಳಬೇಕಿತ್ತು, ಏಕೆಂದರೆ ನಿನಗೆ ಮಾಡಿದ ಮೋಸ ಬೇರೆ. ಆ ಸಂಜೆಗಳಲ್ಲಿ ಅವಳು ಎಷ್ಟೋ ಸಲ ನಡುವೆ ನಿಲ್ಲಿಸಿ, ನಿನ್ನ ಹೆಸರು ಹಿಡಿದು, ಅವನು ಎಲ್ಲಿ, ಯಾವಾಗ ಬರುತ್ತಾನೆ ಎಂದು ಕೇಳುತ್ತಿದ್ದಳು. “ಅದು ಪಟ್ಟೀಲಿಲ್ಲಮ್ಮ, ಮೊದಲಿಂದ ಹೇಳು” ಎನ್ನುತ್ತಿದ್ದೆ ನಾನು. ಅಕ್ಟೋಬರಿನ ಹೊತ್ತಿಗೆ ಅವಳು ಕೇಳುವುದನ್ನು ಬಿಟ್ಟಳು.