ಅತ್ತೆಯ ಮೊಣಕಾಲಿಗೆ ಅಂಟಿದ ಪಟ್ಟಿ

ಅಗರಖೇಡ, ತಾ. ಇಂಡಿ
12 ಜೂನ್ 2024, ಬುಧವಾರ

ಪ್ರೀತಿಯ ವಿಜಯಕ್ಕಾ,

ಹೇಗಿದ್ದೀಯೇ? ಮಸ್ಕತ್ತಿನ ಆ ಬಿಸಿಲಿನಲ್ಲಿ ಆಸ್ಪತ್ರೆಯ ಪಾಳಿ ಮುಗಿಸಿ ನೆಟ್ಟಗೆ ಉಣ್ಣುತ್ತೀಯೋ, ಇಲ್ಲ ಚಹಾ-ಬ್ರೆಡ್ಡಿನ ಮೇಲೆಯೇ ದಿನ ನೂಕುತ್ತೀಯೋ? ನಿನ್ನ ಸೊಂಟನೋವು ಹೇಗಿದೆ? ನನ್ನ ಕೂಸು ಚೆನ್ನಾಗಿದ್ದಾಳೆ, ಬಾಗಿಲು ಹಿಡಿದು ನಿಲ್ಲುತ್ತಾಳೆ. ನನಗೆ ಮಾತ್ರ ಜೀವ ಕೈಯಲ್ಲಿ ಹಿಡಿದಂತಾಗಿದೆ. ನನ್ನದೆಂಬ ಫೋನಿಲ್ಲ, ಇವರ ಫೋನಿನಲ್ಲಿ ಸ್ಪೀಕರ್ ಹಾಕದೆ ಈ ಮನೆಯಲ್ಲಿ ಯಾರೂ ಮಾತಾಡುವುದಿಲ್ಲ. ಓಣಿಯ ಅನಿಲ ನಾಳೆ ನಿಮ್ಮೂರಿಗೇ ಕೆಲಸಕ್ಕೆ ಹೊರಟಿದ್ದಾನೆ. ಶೇಂಗಾ ಚಟ್ನಿಯ ಜೊತೆ ಇದನ್ನೂ ಕಳಿಸುತ್ತಿದ್ದೇನೆ.

ನೀನು ಕೊಟ್ಟುಹೋದ, ಗರ್ಭ ನಿಲ್ಲದಂತೆ ಮಾಡುವ ಆ ಪಟ್ಟಿಯನ್ನು ನೀನು ಹೇಳಿದಂತೆಯೇ ವಾರಕ್ಕೊಮ್ಮೆ ಬದಲಿಸಿ ಬೆನ್ನಿಗೆ ಅಂಟಿಸಿಕೊಳ್ಳುತ್ತಿದ್ದೆ. ಹೆರಿಗೆಯಲ್ಲಿ ರಕ್ತ ನಿಲ್ಲದೆ ನಾನು ಸತ್ತು ಬದುಕಿದ್ದು ನಿನಗೆ ಗೊತ್ತೇ ಇದೆ. ಇಲ್ಲಿ ಮಾತ್ರ ಹೆಣ್ಣು ಹುಟ್ಟಿದ ದಿನದಿಂದ ಒಂದೇ ರಾಗ, 'ಇನ್ನೊಂದು ಲಗೂನ ಆಗ್ಲಿ.' ಇವರೂ ತಾಯಿಯ ಮಾತಿಗೆ ಹೂಂ ಅನ್ನುವವರೇ. ಹೋದ ವಾರ ತಲೆಗೆ ಎಣ್ಣೆ ಹಚ್ಚಿ ನೀರು ಹಾಕುವಾಗ ಅತ್ತೆ ನನ್ನ ಬೆನ್ನು ನೋಡಿಬಿಟ್ಟರು. 'ಇದೇನಬೇ?' ಅಂದರು. ನನ್ನ ಬಾಯಿಗೆ ಬಂದದ್ದು, 'ಬೆನ್ನ ಬ್ಯಾನಿಗ್ರಿ ಅತ್ತಿ, ಅಕ್ಕ ಕೊಟ್ಟಾಳ.'

ಅಷ್ಟೇ ಸಾಕಾಯಿತು ನೋಡು! ಮೊಣಕಾಲುನೋವಿನ ನಮ್ಮತ್ತೆ ಗುರವ್ವ ಬಿಡುತ್ತಾರೆಯೇ? ನಾನು ಹೊಲಕ್ಕೆ ಬುತ್ತಿ ಕೊಟ್ಟು ಬರುವಷ್ಟರಲ್ಲಿ ನನ್ನ ಟ್ರಂಕಿನಿಂದ ತೆಗೆದು ಎರಡೂ ಮೊಣಕಾಲಿಗೆ ಒಂದೊಂದು ಅಂಟಿಸಿಕೊಂಡು ಕಟ್ಟೆಯ ಮೇಲೆ ಕೂತಿದ್ದರು. 'ಫಾರಿನ್ ಮಾಲಂದ್ರ ಸುಳ್ಳೇನ್ರಿ? ಕಾಲ ಹಗುರಾಗ್ಯಾವ ನೋಡ್ರಿ' ಎಂದು ಓಣಿಗೆಲ್ಲ ಸಾರಿದರು. ವಯಸ್ಸಾದವರು, ಬಿಪಿ ಇದ್ದವರು ಇದನ್ನು ಮುಟ್ಟಲೇಬಾರದು, ರಕ್ತ ಹೆಪ್ಪುಗಟ್ಟೀತು ಎಂದು ನೀನೇ ಹೇಳಿದ್ದೆ. ಅತ್ತೆಗೆ ಹೋದ ವರ್ಷ ತಾನೇ ಲಕ್ವಾ ಹೊಡೆದು ಬಾಯಿ ಸೊಟ್ಟಾಗಿತ್ತಲ್ಲ! 'ತಗೀರಿ ಅತ್ತಿ, ಅದು ನಿಮಗ ಆಗಿಬರಂಗಿಲ್ಲ' ಎಂದು ಬೇಡಿಕೊಂಡರೆ, 'ನಿಮ್ಮಕ್ಕ ಕೊಟ್ಟದ್ದು ನಿನಗ ಅಷ್ಟ ಬೇಕೇನು? ಎಷ್ಟರ ಹೊಟ್ಟಿಕಿಚ್ಚು!' ಎಂದು ಬೈಸಿಕೊಂಡೆ. ನಿಜ ಹೇಳಿದರೆ ಈ ಮನೆಯಲ್ಲಿ ನನಗೂ ಕೂಸಿಗೂ ಜಾಗವಿರುತ್ತದೆಯೇ? ಹೇಳದಿದ್ದರೆ ಅವರ ಜೀವ? ಅವರು ಕೆಮ್ಮಿದರೂ ಓಡಿಹೋಗಿ ಬಾಯಿ ಸೊಟ್ಟಾಯಿತೇನೋ ಎಂದು ನೋಡುತ್ತೇನೆ. ಏನು ಮಾಡಲಿ ಹೇಳೇ.

ಭಾವನವರಿಗೆ ನಮಸ್ಕಾರ ತಿಳಿಸು. ನಿನ್ನ ಮಗನ ಎರಡೂ ಗಲ್ಲಕ್ಕೆ ಈ ಚಿಕ್ಕಮ್ಮನ ಮುತ್ತು.

ನಿನ್ನ ತಂಗಿ,
ರಾಜಶ್ರೀ

ತಾ.ಕ.: ಇದನ್ನು ಮಡಚುವಷ್ಟರಲ್ಲಿ ಅತ್ತೆ ಕೂಗಿದರು. ಎಡಗಾಲಿನ ಮೀನಖಂಡ ಬಾತು ಕೆಂಪಗಾಗಿದೆ, ಮುಟ್ಟಿದರೆ ಚೀರುತ್ತಾರೆ. ಎರಡೂ ಪಟ್ಟಿ ನಾನೇ ಕಿತ್ತೆ. ಹೇಳಿಯೂಬಿಟ್ಟೆ: 'ಇದು ಬ್ಯಾನಿದಲ್ರಿ ಅತ್ತಿ. ನನಗ ಮಕ್ಕಳಾಗಬಾರದಂತ ಹಚ್ಕೊಳ್ಳೂದು.' ಬೈಯಲಿಲ್ಲ. ನನ್ನ ಕೈ ಗಟ್ಟಿಯಾಗಿ ಹಿಡಿದು, 'ನಾ ಸಾಯ್ತೇನೇನಬೇ?' ಎಂದು ಕೇಳಿದರು. ಇಂಡಿಗೆ ಒಯ್ಯಲು ಇವರು ಗಾಡಿ ತರಲು ಹೋಗಿದ್ದಾರೆ, ಇವರಿಗಿನ್ನೂ ಏನೂ ಗೊತ್ತಿಲ್ಲ. ಡಾಕ್ಟರ ಮುಂದೆ, ಇವರ ಮುಂದೆ, ನಾನೇ ಹೇಳಬೇಕು. ಹೇಳುತ್ತೇನೆ ಅಕ್ಕಾ. ಅಕ್ಷರ ಸೊಟ್ಟಾಗಿದ್ದರೆ ಬೈಯಬೇಡ, ನನ್ನ ಒಂದು ಕೈಯನ್ನು ಅತ್ತೆ ಇನ್ನೂ ಬಿಟ್ಟಿಲ್ಲ.