ಹಸಿರು ಸೀರೆಯ ಗಂಟು

ದೇವದುರ್ಗ, ಸೋಮವಾರ

ಸೊಸೆ ನೇತ್ರಾವತಿಗೆ ಮಾವ ಬರೆಯುವುದು. ನೀನು ಫೋನ್ ಎತ್ತುವುದಿಲ್ಲ, ಅದಕ್ಕೇ ಪತ್ರ.

ಮಗ ದುರುಗೇಶ ತೀರಿಕೊಂಡಾಗಿನಿಂದ ನಿಂತಿದ್ದ ಕಟ್ಟಿಗೆ ಸೀಳುವ ಮಷಿನ್ ಶುರು ಮಾಡೋಣವೆಂದು ರಾಯಚೂರಿನ ಮೆಕ್ಯಾನಿಕ್ ಮುಕರ್ರಂನನ್ನು ಕರೆಸಿದೆ. ಅವನು ಎಣ್ಣೆ ಬದಲಿಸಿದ. ವಾಲ್ವಿನ ಹಿಡಿಕೆಗೆ ನೀನು ಹಸಿರು ಸೀರೆಯ ಅಂಚಿನಿಂದ ತೂಗುಬಿಟ್ಟಿದ್ದ ಕಲ್ಲನ್ನು ಬಟ್ಟೆ ಕೊಯ್ದು ಎಸೆದ. ಈಗ ಹಿಡಿಕೆ ಹಿಂದಕ್ಕೆ ಬರುವುದೇ ಇಲ್ಲ.

“ಹಳೇ ಮಾಲು, ಒಳಗಿನ ಸ್ಪ್ರಿಂಗು ಸತ್ತದರೀ ಯಜಮಾನ್ರ. ಇಷ್ಟು ದಿನ ಆ ಕಲ್ಲ ಹಿಡಕಿ ಎಳೀತಿತ್ತು. ಹೊಸಾದು ಎಲ್ಲೂ ಸಿಗಂಗಿಲ್ಲ” ಅಂದ.

“ಲೇ, ಕೊಯ್ಯೂಕಿಂತ ಮೊದಲ ಹೇಳಾಕ ನಿನ್ನ ಬಾಯಿಗೆ ಏನಾಗಿತ್ತು?” ಎಂದು ಬೈದೆ.

ನಾನು ಹಗ್ಗದಲ್ಲಿ ಕಟ್ಟಿದರೆ ಕಲ್ಲು ಜಾರಿ ಕಾಲ ಮೇಲೆ ಬೀಳುತ್ತದೆ. “ಯಪ್ಪಾ, ಇಕಿ ಗಂಟು ಹಾಕಿದ್ರ ಬಿಚ್ಚಾಕ ಆಗಂಗಿಲ್ಲ” ಎಂದು ದುರುಗೇಶ ನಗುತ್ತಿದ್ದ.

ಗಂಡ ಸತ್ತವಳು ಹಸಿರು ಉಡಬಾರದು, ಮಷಿನ್ ಮುಟ್ಟಬಾರದು ಎಂದು ನಿನ್ನತ್ತೆ ಅಂದದ್ದಕ್ಕೆ ನೀನು ಗಬ್ಬೂರಿನ ತವರಿಗೆ ಹೋದೆ. ಅವಳ ಆ ಮಾತು ಇನ್ನು ಈ ಮನೆಯಲ್ಲಿ ನಡೆಯುವುದಿಲ್ಲ.

ಚಿಂದಿ ತೊಳೆದು ಇಟ್ಟಿದ್ದೇನೆ. ಬಟ್ಟೆ ಕೊಯ್ದರೂ ಗಂಟು ಹಾಗೇ ಇದೆ. ಬಂದು ಈ ಚಿಂದಿಯಿಂದಲೇ ಕಲ್ಲು ಕಟ್ಟು. ಆ ಸೀರೆಯನ್ನು ಇನ್ನಷ್ಟು ಹರಿಯಬೇಡ, ಉಟ್ಟುಕೊಂಡು ಬಾ.

ನಿನ್ನ ಮಾವ
ಮುದುಕಪ್ಪ